ಅರ್ಥ್

ಹಾಸನದಲ್ಲಿ ಹನ್ನೊಂದು ಜನ. ಅದರಲ್ಲಿ ಇಬ್ಬರು
ಮಳೆ ನಿಲ್ಲಲಿ ಎಂದು ಒಳಗೆ ಬಂದವರು.
ಮಂಡ್ಯದ ಕಾಲೇಜಿನವರು ಮಧ್ಯಾಹ್ನ ಫೋನು ಮಾಡಿ
ಆಗೋದಿಲ್ಲ, ಪರೀಕ್ಷೆ, ಅಂದರು.
ವ್ಯಾನು ಆಗಲೇ ನಾಗಮಂಗಲ ದಾಟಿತ್ತು.

ತೌಸೀಫನ ಸೋದರಮಾವನ ಸ್ನೇಹಿತರದೊಂದು
ಬೆಲ್ಲದ ಗೋಡೌನು, ಖಾಲಿ ಇದೆಯಂತೆ.
ಖಾಲಿ ಎಂದರೆ ಮುಕ್ಕಾಲು.
ಹಿಂದುಗಡೆ ಗೋಣಿ ಹೊದ್ದ ಅಚ್ಚುಬೆಲ್ಲ,
ನೆಲದಲ್ಲಿ ಅಂಟು, ಗಾಳಿಯಲ್ಲಿ ಅಂಟು,
ಡ್ರಮ್ಮಿನೊಳಕ್ಕೆ ಸಾಲುಗಟ್ಟಿದ ಇರುವೆ.

ನಮ್ಮ ಬ್ಯಾಂಡಿನ ಹೆಸರು 'ಕೊಡೆ ರಿಪೇರಿ'.
ಬ್ಯಾನರು ಕಟ್ಟಿದ ಅರ್ಧ ಗಂಟೆಗೆ
ಹೆಂಗಸೊಬ್ಬಳು ಎರಡು ಕೊಡೆ ತಂದಳು.
ಪೊನ್ನಪ್ಪ ಒಂದರ ಕಡ್ಡಿ ನೆಟ್ಟಗೆ ಮಾಡಿಯೂ ಕೊಟ್ಟ.

ಸೌಂಡು ಮರಿಬೋರಯ್ಯನದು.
ಮದುವೆ, ತಿಥಿ, ಪಂಚಾಯ್ತಿ ಎಲೆಕ್ಷನ್ನು,
ಎಲ್ಲಕ್ಕೂ ಅದೇ ಎರಡು ಪೆಟ್ಟಿಗೆ,
ಅರಿಶಿನ ಕುಂಕುಮ ಇಟ್ಟ ಅದೇ ಆಂಪ್ಲಿಫಯರು.
ಸ್ವಿಚ್ಚು ಹಾಕಿದ. ಗುಂಯ್.
ಹೊಗೆ ಹಾಕಿದ ಜೇನುಗೂಡಿನ ಗುಂಯ್.
ಮುಟ್ಟದೆ ಬಿಟ್ಟಿದ್ದ ನನ್ನ ಬೇಸ್ ಗಿಟಾರಿನ ತಂತಿಯಲ್ಲೂ ಗುಂಯ್.
ಜೆನಿಟಾ ಮೈಕಿಗೆ ತುಟಿ ತಾಗಿಸಿದ್ದೇ
ಹಾ! ಎಂದು ಹಿಂದಕ್ಕೆ ಹಾರಿದಳು.
ಜನ ಚಪ್ಪಾಳೆ ಹೊಡೆದರು,
ಹಾಡು ಶುರುವಾಯಿತು ಅಂದುಕೊಂಡು.

ಮರಿಬೋರಯ್ಯ ತಲೆ ಕೆರೆದುಕೊಂಡು ತೀರ್ಪು ಕೊಟ್ಟ:
'ಅರ್ಥ್ ಇಲ್ಲ ಕಣವ್ವ ನಿಮ್ಗೆ.'

ಗೊತ್ತಿತ್ತು. ಹುಬ್ಬಳ್ಳಿಯಲ್ಲಿ ಒಬ್ಬರು ಅಂದಿದ್ದರು,
ದಾವಣಗೆರೆಯಲ್ಲಿ ಕರೆಸಿದವರೇ ಅಂದಿದ್ದರು:
ಸಾಲುಗಳು ಚೆನ್ನಾಗಿವೆ, ಅರ್ಥ ಒಂದಿಲ್ಲ.
ಆದರೆ ಅದಕ್ಕೆಂದು ಹಾರೆ ತಂದವರು ಯಾರೂ ಇರಲಿಲ್ಲ.

ಗೋಡೆಯಾಚೆ ಧಣ್ ಧಣ್.
ಮೊಳಕ್ಕೂ ಮೀರಿ ತೋಡಿ, ಕಂಬಿ ನಿಲ್ಲಿಸಿ, ಇದ್ದಿಲು ಸುರಿದು
ಕಿಟಕಿಯಿಂದ ಕೂಗಿದ: 'ಉಪ್ಪು ತಕ್ಕಬಾರ್ಲಾ!'
ಮಗ ಓಡಿದ.
ನಲ್ಲಿಯಲ್ಲಿ ನೀರಿಲ್ಲ.
ಮೂಟೆ ಹೊರುವ ಚೌಡಮ್ಮ,
ಕುಡಿಯಲು ತುಂಬಿಟ್ಟಿದ್ದ ತನ್ನ ಬಿಂದಿಗೆಯನ್ನು
ಸೊಂಟದಿಂದ ಇಳಿಸದೆಯೇ ಬಗ್ಗಿಸಿದಳು.

ಗುಂಯ್ ನಿಂತಿತು.

ಆ ರಾತ್ರಿ ಹೇಗಿತ್ತು ಎಂದವರಿಗೆ ನಾನು ಹೇಳುವುದು ಇದನ್ನೇ,
ಅವರು ಕೇಳುತ್ತಿರುವುದು ಹಾಡಿನ ಬಗ್ಗೆ.
ಗುಂಯ್ ನಿಂತಿತು. ತಗಡಿನ ಮೇಲೆ
ಬೆಕ್ಕು ನಡೆದದ್ದು ಕೇಳಿಸಿತು.
ಎಪ್ಪತ್ತೋ ಎಂಬತ್ತೋ ಜನ ಉಸಿರಾಡುವುದು ಕೇಳಿಸಿತು.
ಪೊನ್ನಪ್ಪನ ಕೋಲುಗಳು ಗಾಳಿಯಲ್ಲೇ.
ಮೊದಲು ಮುಟ್ಟುವ ಧೈರ್ಯ
ಯಾರಿಗೂ ಇಲ್ಲ.

ಆಮೇಲೆ ನುಡಿಸಿದೆವು. ಅಂಥಾ ಚೆನ್ನಾಗಿ ಏನಲ್ಲ.
ಮೂರನೆಯದರಲ್ಲಿ ನಾನು ಒಂದು ಸುತ್ತು ಮುಂಚೆಯೇ ತಿರುಗಿದೆ,
ತೌಸೀಫ್ ನಗುತ್ತ ನನ್ನ ಹಿಂದೆಯೇ ತಿರುಗಿದ.
ಅಂದಿನಿಂದ ಆ ಹಾಡು ಹಾಗೇ ಇದೆ.
ಚೌಡಮ್ಮನ ಜೊತೆಯವರು ಮೂಟೆಗಳ ಮೇಲೆ ಕೂತು
ಕಾಲು ಇಳಿಬಿಟ್ಟು ತಾಳ ಹಾಕಿದರು, ನಮ್ಮದಲ್ಲದ ತಾಳ.
ಸ್ವಲ್ಪ ಹೊತ್ತು ಸೆಣಸಿ
ಪೊನ್ನಪ್ಪ ಅವರದಕ್ಕೇ ಬಂದ.

ಎರಡು ಹಾಡಿಗೊಮ್ಮೆ ಮರಿಬೋರಯ್ಯ ಎದ್ದು ಹೋಗುತ್ತಿದ್ದ.
ನೆಲ ಕುಡಿದುಬಿಡುತ್ತಿತ್ತು.
ಕತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು
ಚೊಂಬು ಚೊಂಬಾಗಿ ಎರೆಯುತ್ತಿದ್ದ, ಎಳೆಗೂಸಿಗೆ ಎರೆದಂತೆ,
ಗುಂಯ್ ಮತ್ತೆ ಏಳದ ಹಾಗೆ.
ಅರ್ಧ ಕಾರ್ಯಕ್ರಮ ಅವನು ಕೇಳಿದ್ದು
ಗೋಡೆಯ ಆ ಬದಿಯಿಂದ.

'ಹೆಂಗಿತ್ತಣ್ಣ?' ಎಂದೆ.
'ಪದ ಒಂದೂ ತಿಳೀನಿಲ್ಲ' ಅಂದ,
ವೈರನ್ನು ಮೊಣಕೈಗೆ ಸುತ್ತುತ್ತ. ಸುತ್ತು ಮುಗಿಸಿ,
'ಮೆಲ್ಲಗಿತ್ತಲ್ಲ ಒಂದು, ಅದ್ಕೆ
ಎರಡು ಚೊಂಬು ಜಾಸ್ತಿ ಉಯ್ದೆ.'

ಗೋಡೌನಿನವರು ದುಡ್ಡಿನ ಬದಲು ಬೆಲ್ಲ ಕೊಟ್ಟರು.
ಮರಿಬೋರಯ್ಯ ಬಿಲ್ಲು ಕೊಟ್ಟ: ಪೆಟ್ಟಿಗೆ ಎರಡು, ಮೈಕು ಮೂರು,
ಉಪ್ಪು, ಇಪ್ಪತ್ತನಾಲ್ಕು ರೂಪಾಯಿ.
ಗುಂಡಿ ತೋಡಿದ್ದಕ್ಕೆ ಏನೂ ಹಾಕಿರಲಿಲ್ಲ.
ತಿಂದದ್ದು ಬೆಲ್ಲ, ಋಣ ಉಪ್ಪಿನದು.

ಶ್ರೀರಂಗಪಟ್ಟಣದ ಸೇತುವೆಯ ಮೇಲೆ
ವ್ಯಾನಿನ ಬಾಗಿಲಿಗೆ ಕಟ್ಟಿದ್ದ ಹಗ್ಗ ಸಡಿಲಿ ಗಾಳಿ ನುಗ್ಗಿತು.
ಜೆನಿಟಾ ತುಟಿ ಮುಟ್ಟಿ ನೋಡಿಕೊಂಡಳು.
'ಇನ್ನೂ ಜುಂ ಅಂತಿದೆ.'
ಗಿಟಾರಿನ ಪೆಟ್ಟಿಗೆಯೊಳಗೆ ಮಂಡ್ಯದ ಇರುವೆಗಳು
ಮೈಸೂರಿಗೆ ಬರುತ್ತಿದ್ದವು.