ಸಾಂತೇರಿ, ಪೆನ್ಸಿಲಿನಲ್ಲಿ

ಕಡವಾಡದ ಹಳೆ ಖಾತೆಪುಸ್ತಕ ಮೋಡಿಯಲ್ಲಿದೆ.
ಬಂದರು ಆಫೀಸಿನಲ್ಲಿ ಮೂವತ್ತೊಂದು ವರ್ಷ
ಭರತ ಇಳಿತ ಬರೆದವ ನಾನು.
ಈ ಲಿಪಿಯ ಅಲೆಗೆ ಮಾತ್ರ
ಭೂತಗನ್ನಡಿ ಹಿಡಿದು ದಿನಕ್ಕೆ ಎರಡೇ ಸಾಲು.

ಇವತ್ತು ಸಿಕ್ಕಿದ್ದು ಇಷ್ಟು:
ಮುತ್ತಜ್ಜ ಪುರಸೋ, ದೋಣಿ ಒಂದು, ತೆಂಗು ಏಳು.
ಕೆಳಗೆ, ‘ಅವನ ಹೆಂಡತಿ’.
ತೆಂಗಿಗೂ ಲೆಕ್ಕವಿದೆ, ಅವಳಿಗೆ ಹೆಸರಿಲ್ಲ.

ಕನ್ನಡಕ ಮಡಚಿ ಹಿತ್ತಿಲಿಗೆ ಬಂದೆ.
ಅಲಸಂದೆ ಚಪ್ಪರದಲ್ಲಿ ಸೂರಕ್ಕಿ ಗೂಡು:
ಜೇಡರ ಬಲೆ, ತೊಗಟೆ ಚೂರು,
ನನ್ನದೇ ಬನಿಯನ್ನಿನ ಒಂದು ಎಳೆ.
ಮರಿ ಹಾರುವ ತನಕ ಆ ಮೂಲೆಯ ಕಾಯಿ ಕೊಯ್ಯುವಂತಿಲ್ಲ.
ಬಲಿತು, ಒಣಗಿ, ತಾವೇ ಸಿಡಿಯುತ್ತಿವೆ
ಅಮ್ಮ ಬೂದಿ ಹಚ್ಚಿ ಕಾಪಾಡಿದ ಬೀಜ,
ಕೆಂಪು ಕಾಳು, ಕಣ್ಣಿಗೊಂದು ಬಿಳಿ ಬೊಟ್ಟು.

ಭಾನುವಾರದ ಸಂತೆಗೆ ಮುಷ್ಟಿಯಷ್ಟು ಒಯ್ದು
ಹಾಲಕ್ಕಿ ಬುದ್ದಿಗೆ ತೋರಿಸಿದೆ.
ಮಣಿಸರ ಸರಿಸಿ, ಒಂದು ಕಾಳು ಕಚ್ಚಿ ನೋಡಿ
“ಇದಾ? ಸಾಂತೇರಿ ಅಲಸಂದೆ ಅಲ್ದ್ರಾ?” ಅಂದಳು.
ಯಾವ ಸಾಂತೇರಿ?
“ಯಾರಿಗ್ಗೊತ್ತು. ನಿಮ್ಮ ಕಡವಾಡದವಳೇ ಇರ್ಬೇಕು,
ನಮ್ಮಜ್ಜಿ ಹಾಂಗೇ ಕರೀತಿತ್ತು.
ಬಸಳೆ ಬೇಕಾ? ಎರಡೇ ಕಟ್ಟು ಉಳೀತು.”

ಬಸಳೆ ಹಿಡಿದು ಕಾಳಿಯ ದಡದಲ್ಲಿ ನಿಂತೆ.
ನೀರುನಾಯಿ ಎರಡು
ಒಂದು ಮೀನಿಗೆ ಜಗಳಾಡುತ್ತ
ಕಾಂಡ್ಲಾ ಬೇರಿನೊಳಗೆ ಮಾಯ.

ಅವಳೇ ಇವಳೆಂದು ಯಾವ ದಾಖಲೆಯೂ ಇಲ್ಲ.
ಸಾಂತೇರಿ ದೇವಿಯ ಹೆಸರೂ ಹೌದು.
ಆದರೂ ವಂಶವೃಕ್ಷದ ಖಾಲಿ ಚೌಕದಲ್ಲಿ
ಪೆನ್ಸಿಲಿನಲ್ಲಿ ಬರೆದು
ಪಕ್ಕಕ್ಕೊಂದು ಪ್ರಶ್ನೆಚಿಹ್ನೆ ಇಟ್ಟೆ.

ರಾತ್ರಿ ಮತ್ತೆ ತೆರೆದು ನೋಡಿದರೆ ಅದೂ
ಅಲಸಂದೆ ಬಳ್ಳಿಯ ತುದಿಯ ಹಾಗೇ
ಸೊಟ್ಟಗೆ ಬಾಗಿ
ಹಿಡಿದುಕೊಳ್ಳಲು ಏನೋ ಹುಡುಕುತ್ತಿತ್ತು.