ಮೂರು ಎಳೆ

ಇವರಿಗೆ ಊರು ನೋಡುವುದೆಂದರೆ ವಿಮಾನ ನೋಡುವುದು.
ಹಾರುವುದಲ್ಲ, ಹಾರಿ ಮುಗಿಸಿದ್ದು.
ಶಿಡ್ಲಘಟ್ಟದಲ್ಲಿ ನೂಲಿನ ಮೂಟೆ ಹೇರಿಕೊಂಡು
ಸೂರತ್ತಿಗೋ ಕಾಶಿಗೋ ಲಾರಿ ಹೊರಡಿಸಿದರೆ
ಯಾವ ಊರಿನ ಸರ್ಕಲ್ಲಿನಲ್ಲಿ, ಕಂಬದ ಮೇಲೆ
ಯಾವ ನಂಬರಿನ ಮಿಗ್ ಕೂತಿದೆ, ಅದರ ಮೂಗಿನೊಳಗೆ
ಯಾವ ಹಕ್ಕಿ ಗೂಡು ಕಟ್ಟಿದೆ, ಎಲ್ಲ ಬಾಯಿಪಾಠ.
ಓಣಿಯ ಮಕ್ಕಳು ಮಿಗ್ ಇನಾಯತ್ ಎನ್ನುತ್ತಾರೆ.
ಮಗ ಹುಟ್ಟಿದ ತಾರೀಕು ಮಾತ್ರ ನನ್ನನ್ನು ಕೇಳುತ್ತಾರೆ.

ಮದುವೆಯ ಮೂರನೇ ವರ್ಷ ನನ್ನನ್ನೂ ಹತ್ತಿಸಿಕೊಂಡರು.
ಸಮುದ್ರ ತೋರಿಸುತ್ತೇನೆಂದು ತಂದು ನಿಲ್ಲಿಸಿದ್ದು
ತಗಡಿನ ಒಂದು ದೊಡ್ಡ ಕೊಟ್ಟಿಗೆಯ ಮುಂದೆ.
ಒಳಗೆ ಸಾಲಾಗಿ ಯುದ್ಧದ ಮುದುಕರು:
ಒಂದಕ್ಕೆ ಮೂತಿಯ ಪಂಕ ಇಲ್ಲ,
ಒಂದರ ರೆಕ್ಕೆಗೆ ಇಟ್ಟಿಗೆಯ ಒತ್ತು,
ಒಂದರಲ್ಲಿ ಪೈಲಟ್ಟಿನ ಸೀಟಿನ ಮೇಲೆ
ಅಂಗಾತ ಸತ್ತ ಜಿರಲೆ.
ಇವರು ಪ್ರತಿಯೊಂದಕ್ಕೂ ಕೈ ಎತ್ತಿ ಸಲಾಂ ಹೇಳುತ್ತ
"ಬಟ್ಟೆ ಹೊದಿಸಿದ ಬಾಲ ನೋಡು" ಎನ್ನುತ್ತ
ದರ್ಗಾದಲ್ಲಿ ನಡೆದಂತೆ ಮೆಲ್ಲಗೆ ನಡೆದರು.
ನನಗೆ ಕಾಲು ನೋವು. ಚಪ್ಪಲಿಯ ಉಂಗುಷ್ಠ ಕಿತ್ತಿತ್ತು.

ಕೂರಲು ಜಾಗ ಹುಡುಕಿ ಮೂಲೆಗೆ ಹೋದೆ. ಅಲ್ಲಿ
ಗಾಜಿನ ಪೆಟ್ಟಿಗೆಯಲ್ಲಿ ಬಿಚ್ಚಿ ಹರವಿದ
ಹಳೆಯ ಪ್ಯಾರಾಚೂಟು. ಚಹಾ ಸೋಸಿದ ಬಟ್ಟೆಯ ಬಣ್ಣ.
ಕಣ್ಣು ಬೋರ್ಡು ಓದುವ ಮೊದಲೇ ಬೆರಳು ಓದಿದವು:
ರೇಷ್ಮೆ.

ದಾದಿಮಾ ಜುಲೇಖಾಬಿ ಹೇಳುತ್ತಿದ್ದಳು, ಹಲ್ಲಿಲ್ಲದ ಬಾಯಲ್ಲಿ:
"ಜರ್ಮನಿ ಲಡಾಯಿಯಲ್ಲಿ ಸೀರೆಗೆ ನೂಲು ಕೊಡಲಿಲ್ಲ ಕಣೇ.
ನಮ್ಮ ಬಾಣಲೆಯದೆಲ್ಲ ಕೊಡೆಗೆ ಹೋಯಿತು.
ಮಳೆಯ ಕೊಡೆಯಲ್ಲ, ಮನುಷ್ಯರು ಸುರಿಯುವ ಕೊಡೆ."
ನಾವು ಬಿದ್ದು ಬಿದ್ದು ನಕ್ಕಿದ್ದೆವು.
ಮುದುಕಿಗೆ ಅರಳುಮರಳು ಎಂದು ಅಬ್ಬಾ
ಎಲೆಯಡಿಕೆ ಡಬ್ಬಿ ಅಟ್ಟಕ್ಕೇರಿಸಿದ್ದರು.

ಗಾಜಿಗೆ ಮೂಗು ಒತ್ತಿದೆ. ಹೊಲಿಗೆಯ ಪಕ್ಕ
ಎಳೆ ಕಡಿದು ಮತ್ತೆ ಕೂಡಿದಲ್ಲಿ ಒಂದು ಗಂಟು,
ಅರ್ಧ ಸಾಸಿವೆ. ಎಡಗೈಯವರು ಹಾಕಿದ್ದು.
ದಾದಿಮಾ ಎಡಚಿ.
ಲೋಕದಲ್ಲಿ ಎಡಚರೇನು ಕಡಿಮೆಯೇ! ನೂಲು ಎಲ್ಲಿಯದೋ.
ಗೊತ್ತಿದ್ದೂ ಇವರನ್ನು ಕೂಗಿ ಕರೆದೆ.
ಮೊದಲ ಸಲ ನಾನು ತೋರಿಸಿದೆ, ಇವರು ನೋಡಿದರು.
ಕಾವಲಿನವನು ಗಾಜು ಮುಟ್ಟಬೇಡಿ ಎಂದ.
ಆ ಗಂಟಿಗೆ ಜೀವ ಕಟ್ಟಿಕೊಂಡು ಯಾವನೋ ಹುಡುಗ
ಯಾವುದೋ ಗದ್ದೆಗೆ, ಹೊಳೆಗೆ, ಮರದ ತುದಿಗೆ
ಇಳಿದಿರಬೇಕು.
ಇಳಿಯದೆಯೂ ಇರಬಹುದು. ಬೋರ್ಡಿನಲ್ಲಿ ಬರೆದಿರಲಿಲ್ಲ.

ಈಗ ಫೆಬ್ರವರಿ. ಯಲಹಂಕದಲ್ಲಿ ಪ್ರದರ್ಶನ.
ಅವು ಹೊರಳುವ ದಾರಿ ನಮ್ಮ ಓಣಿಯ ಮೇಲೆಯೇ.
ಬೆಳಗಿನಿಂದ ಮೋಡವಿಲ್ಲದ ಗುಡುಗು.
ಮಾರುಕಟ್ಟೆಯಲ್ಲಿ ಗೂಡಿನ ಹರಾಜು ಒಂದು ಗಳಿಗೆ ನಿಂತು,
ಆಕಾಶ ನೋಡಿ, ಎರಡು ರೂಪಾಯಿ ಏರಿ ಮತ್ತೆ ನಡೆಯಿತಂತೆ.
ಇವರು ಏಣಿ ಹಾಕಿ ಮಾಳಿಗೆ ಹತ್ತಿ ಕೂತಿದ್ದಾರೆ,
ಮಂಡಿ ಆಪರೇಷನ್ನಾಗಿ ಎರಡು ತಿಂಗಳಾಗಿಲ್ಲ.

ನಾನು ಬಾಣಲೆಯ ಮುಂದೆ. ಬಿಸಿನೀರಲ್ಲಿ ಗೂಡುಗಳ ಕುಣಿತ.
ಇನ್ನಷ್ಟು ದಿನ ಬಿಟ್ಟಿದ್ದರೆ ಒಳಗಿನದಕ್ಕೆ ರೆಕ್ಕೆ ಬರುತ್ತಿತ್ತು.
ಬಂದರೂ ಹಾರುವುದು ಸುಳ್ಳು.
ಸಾಕಿ ಸಾಕಿ ನಾವೇ ಮರೆಸಿದ್ದೇವೆ,
ಬಡಿದುಕೊಳ್ಳುವುದಷ್ಟೇ ಅದಕ್ಕೆ ನೆನಪು.

"ಡಕೋಟಾ! ಡಕೋಟಾ ಬಂತು!" ಮೇಲಿನಿಂದ ಕೂಗು.
ನುಣುಪಾದವೆಲ್ಲ ಚೀರಿ ಹೋದ ಮೇಲೆ ಅದೊಂದು
ಕೆರೆಯಿಂದೆದ್ದ ಎಮ್ಮೆಯ ಹಾಗೆ
ಗಂಟಲು ಸರಿಮಾಡಿಕೊಳ್ಳುತ್ತ ಬಂತು.
ನೋಡಬಾರದು ಎಂದುಕೊಂಡಿದ್ದೆ.
ಬಾಗಿಲ ಚೌಕಟ್ಟಿನಲ್ಲಿ ಅದರ ಹೊಟ್ಟೆಯಷ್ಟೇ ಕಂಡಿತು,
ಹೊಟ್ಟೆಯೊಳಗೆ ಬೆನ್ನಿಗೆ ಮೂಟೆ ಬಿಗಿದ ಹುಡುಗರು
ಸಾಲಾಗಿ ನಿಂತಂತೆ. ಒಂದು, ಎರಡು, ಎಣಿಸತೊಡಗಿದೆ.

ಕೆಳಗೆ ನೋಡಿದರೆ ಚರಕ ಬರಿದೇ ತಿರುಗುತ್ತಿದೆ.
ಮೂರು ಎಳೆ ಕಡಿದಿವೆ.
ನೀರಿಗೆ ಕೈ ಇಳಿಸಿ ತುದಿ ಹುಡುಕುತ್ತೇನೆ,
ಯಾಕೋ ಎಡಗೈ.
ಮೇಲೆ ಇವರ ದನಿ: "ಏಣಿ ಹಿಡಿ ಬಾ, ಇಳಿಯಬೇಕು."
ಇರಿ ಎಂದೆ.
ಗಂಟು ಹಾಕುತ್ತಿದ್ದೇನೆ.