ದ್ವಾರಕತ್ತೆಯ ಬಾಬ್ತು ಖರ್ಚು

ಅಣ್ಣಂದಿರಿಬ್ಬರಿಗೂ ಲೆಕ್ಕ ಒಪ್ಪಿಸಬೇಕು.
ರೂಲು ಹೊಡೆದ ಹಾಳೆ, ಎಡಕ್ಕೆ ತಾರೀಖು, ಬಲಕ್ಕೆ ರೂಪಾಯಿ.

ಮರಣದ ದಾಖಲೆ, ಕಾರವಾರ ನಗರಸಭೆ, ಐದು ಪ್ರತಿ.
ವಂಶವೃಕ್ಷದ ಅಫಿಡವಿಟ್ಟು, ಛಾಪಾ ಕಾಗದ, ನೋಟರಿಯ ಕೆಂಪು ಮೊಹರು.
ಮದುವೆಯಾಗದ ಸೋದರತ್ತೆ ಆ ವೃಕ್ಷದಲ್ಲಿ
ಒಂದು ಗೀಟು ಮಾತ್ರ,
ಕೆಳಗೆ ಏನೂ ತೂಗುವುದಿಲ್ಲ.
ಎಲ್ಲ ಸೇರಿ ಸಾವಿರದ ಇನ್ನೂರೈವತ್ತು.

ವಕೀಲರಿಗೆ ಹನ್ನೆರಡು ಸಾವಿರ.
‘ನಾಮಿನಿ ಒಬ್ಬರಿದ್ದಿದ್ದರೆ
ಇದೆಲ್ಲ ಒಂದು ಮಧ್ಯಾಹ್ನದ ಕೆಲಸ, ಬಾಯೀ’
ಎಂದು ಮೂರು ಸಲ ಹೇಳಿದರು,
ಅದಕ್ಕೆ ಬೇರೆ ಫೀ ಹಿಡಿಯಲಿಲ್ಲ.

ಕೋರ್ಟ್ ಫೀ. ಇದು ದೊಡ್ಡದು.
ನಾಲ್ಕು ಲಕ್ಷ ಎಂಬತ್ತಾರು ಸಾವಿರದ ಠೇವಣಿ, ನೂರಕ್ಕೆ ಮೂರು,
ಹದಿನಾಲ್ಕು ಸಾವಿರದ ಐನೂರ ಎಂಬತ್ತು.
ದೊಡ್ಡಣ್ಣ ಫೋನಿನಲ್ಲಿ ರೇಗಿದ:
ನಮ್ಮ ದುಡ್ಡು ಇಸ್ಕೊಳ್ಳೋದಕ್ಕೆ ನಾವೇ ದುಡ್ಡು ಕೊಡೋದಾ?
ನಮ್ಮದು ಅನ್ನೋದಕ್ಕೆ ಕೊಡೋದು, ಅಂದೆ.
ಅದು ಹೆರಿಗೆ ವಾರ್ಡಿನ ರಾತ್ರಿ ಪಾಳಿಯ ದುಡ್ಡು,
ಹಗಲು ಹೊತ್ತು ಕೋಡಿಬಾಗದ ಕೂಸುಗಳಿಗೆ
ಮೊದಲ ಅಂಗಿ ಹೊಲಿದ ದುಡ್ಡು.
ನಮ್ಮದು.

ಜೆರಾಕ್ಸು, ಎರಡು ರೂಪಾಯಿ.
ಬ್ಯಾಂಕಿನ ಹಳೆಯ ಅರ್ಜಿ.
ನಾಮಿನಿಯ ಹೆಸರು: ಬಾಬಲೋ ಸೋಮಾ ತಾಂಡೇಲ, ಮಾಜಾಳಿ.
ನಾಮಿನಿಯೊಡನೆ ಸಂಬಂಧ:
ಇಲ್ಲಿ ಪೆನ್ನು ನಿಂತಿದೆ.
ನಿಂತಲ್ಲೇ ಶಾಯಿ ಊರಿ ಒಂದು ಬೊಟ್ಟು.
ಆಮೇಲೆ ಹೆಸರಿನ ಮೇಲೆ ಅಡ್ಡಗೀಟು,
ಪಕ್ಕದಲ್ಲಿ ಅವಳದೇ ಸಣ್ಣ ಸಹಿ,
ತಪ್ಪಿದ ಹೊಲಿಗೆ ಬಿಚ್ಚುವಾಗಿನ ಅದೇ ನಿಗಾ,
ಬಟ್ಟೆಗೆ ಗಾಯವಾಗದ ಹಾಗೆ.

ಪತ್ರಿಕೆಯಲ್ಲಿ ನೋಟೀಸು, ಮೂರು ಸಾವಿರದ ಇನ್ನೂರು.
ಬಾಡಿಗೆಗೆ ಮನೆ, ಮಾರಾಟಕ್ಕೆ ಹಳೆ ಬೈಕು, ಇವುಗಳ ನಡುವೆ
ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಅತ್ತೆ.
ತಕರಾರು ಉಳ್ಳವರು ಮೂವತ್ತು ದಿನದೊಳಗೆ.
ಅಣ್ಣಂದಿರಿಗೆ ಹೇಳಿಲ್ಲ,
ಆ ಮೂವತ್ತು ದಿನವೂ ನಾನು
ಒಂದು ತಕರಾರು ಬರಲಿ ಎಂದು ಕಾದೆ.
ವಾಯಿದೆಯ ದಿನ ಪಟ್ಟೇವಾಲಾ ಮೂರು ಸಲ ಕೂಗಿದ.
ವರಾಂಡದಲ್ಲಿ ಯಾರೋ ಕೆಮ್ಮಿದರು.
ತಿರುಗಿ ನೋಡಿದೆ.
ಬೇರೆ ಕೇಸಿನವರು.

ಹುಕುಮು ಕೈಗೆ ಬಂದ ಮೇಲೆ ಒಂದು ಸಂಜೆ
ಕಾಳಿ ಸೇತುವೆ ದಾಟಿ, ಸದಾಶಿವಗಡ ದಾಟಿ ಹೋದೆ.
ಕಾಲಿನ ಹೆಬ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು ಕೂತಿದ್ದ ಮುದುಕ,
ಎದ್ದು ನಿಲ್ಲಲು ನೋಡಿದ, ಬಲೆ ಬಿಡಲಿಲ್ಲ.
ಪೇಪರಿನಲ್ಲಿ ಬಂದಿತ್ತು, ಅಂದೆ.
‘ಪೇಪರು ನಮ್ಮಲ್ಲಿ ಒಣಮೀನು ಕಟ್ಟೋದಕ್ಕೆ.’
ಮೊತ್ತ ಕೇಳಲಿಲ್ಲ. ಯಾವ ತಿಂಗಳು ಅಂತಲೂ ಕೇಳಲಿಲ್ಲ.
ಬಹಳ ಹೊತ್ತಿನ ಮೇಲೆ:
‘ಮಿಷನ್ನು ಯಾರಿಗೆ ಹೋಯ್ತು?’

ಹೊಲಿಗೆ ಮಿಷನ್ನು ಅರ್ಜಿಯ ಪಟ್ಟಿಯಲ್ಲಿಲ್ಲ.
ಬೆಲೆ ಕಟ್ಟಿಲ್ಲ, ಫೀ ತುಂಬಿಲ್ಲ.
ಮನೆಗೆ ಬಂದು ಅದರ ಮುಸುಕು ತೆಗೆದೆ.
ಗಾಲಿಗೆ ತೊಗಲಿನ ಪಟ್ಟಿ ಇರಬೇಕಾದಲ್ಲಿ
ನೀಲಿ ಬಲೆಹುರಿ, ಮೂರೆಳೆ ಹೆಣೆದದ್ದು,
ತುದಿಗೆ ತಾಂಡೇಲರ ಗಂಟು.
ಎಷ್ಟು ವರ್ಷ ತಿರುಗಿದೆಯೋ, ಸವೆದು ಹೊಳೆಯುತ್ತಿತ್ತು.

ಒಟ್ಟು ಮೂವತ್ತೊಂದು ಸಾವಿರದ ಎಪ್ಪತ್ತೆರಡು.
ಹಾಳೆಯ ಕೊನೆಯ ಸಾಲಿಗೆ ಬೆರಳಿಟ್ಟು ದೊಡ್ಡಣ್ಣ,
ಇದೇನು ನಲವತ್ತು, ರಸೀದಿ ಇಲ್ಲ?
ಬಸ್ಸು, ಅಂದೆ.
ಎಲ್ಲಿಗೆ?
ನನ್ನ ಪಾಲಿನಲ್ಲಿ ಕಳೆ.